ಪ್ರಶ್ನೋತ್ತರ: ಒಂದರಿಂದ ಐದನೇ ತರಗತಿ ಮಕ್ಕಳ ಲೆಕ್ಕ, ಮನೆಯಲ್ಲಿ ಅಭ್ಯಾಸ ಹೇಗೆ?

ಅಡ್ಮಿನ್: ಈ ವಾರ ಉತ್ತರಿಸಲು ಒಪ್ಪಿರುವವರು ನಮ್ಮ ಗುಂಪಿನ ಸದಸ್ಯೆಯೇ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ, ಈಗ ಶಿಕ್ಷಕರ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಓಡಾಡುತ್ತಿದ್ದಾರೆ. ಪ್ರಶ್ನೆಯ ಜೊತೆ ಮಗುವಿನ ತರಗತಿ ಬರೆಯಿರಿ. ಮಗುವಿನ ಹೆಸರು, ಶಾಲೆಯ ಹೆಸರು ಬೇಡ.

ತುಮಕೂರಿನ ಅಪ್ಪ, ಮಗಳು 3ನೇ ತರಗತಿ:
ಮೇಡಂ, ಕೂಡುವ ಲೆಕ್ಕ ಸಲೀಸಾಗಿ ಮಾಡ್ತಾಳೆ. ಕಳೆಯೋದು ಬಂದರೆ ಮುಗೀತು. ದಿನಾ ರಾತ್ರಿ ಇಪ್ಪತ್ತು ಲೆಕ್ಕ ಹಾಕಿಕೊಡ್ತೀನಿ, ಅರ್ಧ ಸರಿ, ಅರ್ಧ ತಪ್ಪು. ನಿನ್ನೆಯ ಎರಡು ತಪ್ಪು ಇಲ್ಲಿವೆ: 52 − 27 = 35, 403 − 158 = 355. ಗಮನ ಕೊಡಲ್ಲ ಅಂತ ಬೈದೂ ಆಯ್ತು. ಇನ್ನೂ ಜಾಸ್ತಿ ಲೆಕ್ಕ ಕೊಡಬೇಕಾ?

ಉತ್ತರ:
ಬೇಡ, ಕಡಿಮೆ ಮಾಡಿ. ಮೊದಲು ಆ ಎರಡು ತಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2ರಲ್ಲಿ 7 ಹೋಗಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದಿದ್ದಾಳೆ. ಎರಡನೆಯದರಲ್ಲೂ ಅದೇ ಕಥೆ: 8ರಲ್ಲಿ 3 ಹೋದರೆ 5, 5ರಲ್ಲಿ ಸೊನ್ನೆ ಹೋದರೆ 5, 4ರಲ್ಲಿ 1 ಹೋದರೆ 3. ಗಮನವಿಲ್ಲದ ಮಗು ಒಂದೊಂದು ಸಲ ಒಂದೊಂದು ಥರ ತಪ್ಪುತ್ತೆ. ನಿಮ್ಮ ಮಗಳು ಬಹಳ ಶಿಸ್ತಿನಿಂದ ಒಂದೇ ನಿಯಮ ಪಾಲಿಸುತ್ತಿದ್ದಾಳೆ. ಮೇಲಿರುವುದು ಯಾವುದು, ಕೆಳಗಿರುವುದು ಯಾವುದು ಅಂತ ನೋಡದೆ ದೊಡ್ಡ ಅಂಕೆಯಿಂದ ಚಿಕ್ಕ ಅಂಕೆ ಕಳೆಯುವುದು. ಒಂದನೇ ತರಗತಿಯಲ್ಲಿ 'ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು' ಅಂತ ಕೇಳಿಕೊಂಡು ಬಂದ ಮಾತು ಅದು. ಅರ್ಧ ಲೆಕ್ಕ ಸರಿ ಬರುವುದು ಹೇಗೆ ಅಂತೀರಾ? ಅವು ದಶಕ ತೆಗೆದುಕೊಳ್ಳುವ ಅಗತ್ಯವೇ ಇಲ್ಲದ ಲೆಕ್ಕಗಳು. ನಿಮ್ಮ ಹಾಳೆ ತೆಗೆದು ನೋಡಿ, ಹಾಗೇ ಇರುತ್ತೆ. ದಿನಾ ಇಪ್ಪತ್ತು ಮಾಡಿಸಿದರೆ ಗಟ್ಟಿಯಾಗುವುದು ಆ ತಪ್ಪು ನಿಯಮವೇ.

ಈಗ ಮಾಡಬೇಕಾದ್ದು. ಹತ್ತು ರೂಪಾಯಿಯ ನೋಟು ಒಂದಷ್ಟು, ಒಂದು ರೂಪಾಯಿಯ ನಾಣ್ಯ ಒಂದಷ್ಟು ತಗೊಳ್ಳಿ. ನೋಟು ಕಡಿಮೆ ಬಿದ್ದರೆ ಕಾಗದ ಕತ್ತರಿಸಿ ಅವಳ ಕೈಯಲ್ಲೇ 10 ಅಂತ ಬರೆಸಿ. 52 ರೂಪಾಯಿ ಎಣಿಸಿ ಇಡಲಿ: ಐದು ನೋಟು, ಎರಡು ನಾಣ್ಯ. 'ನನಗೆ 27 ಕೊಡು' ಅನ್ನಿ. ಎರಡು ನೋಟು ಕೊಡ್ತಾಳೆ. ಏಳು ನಾಣ್ಯ ಕೊಡಬೇಕು, ಇರುವುದು ಎರಡೇ. ಇಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. ಅಪ್ಪಂದಿರಿಗೆ ಇದೇ ಕಷ್ಟದ ಕೆಲಸ. ಸ್ವಲ್ಪ ಹೊತ್ತಿಗೆ ಅವಳೇ 'ಚಿಲ್ಲರೆ ಕೊಡಿ' ಅಂತಾಳೆ. ಒಂದು ನೋಟು ಹೋಗಿ ಹತ್ತು ನಾಣ್ಯ ಬರುತ್ತೆ. ಪುಸ್ತಕದಲ್ಲಿ 'ಪಕ್ಕದ ಮನೆಯಿಂದ ಸಾಲ ತಗೋ' ಅಂತ ಹೇಳುವುದೆಲ್ಲ ಇದೇ. ಆದರೆ ಸಾಲ ಅನ್ನುವ ಮಾತು ನನಗೆ ಅಷ್ಟು ಇಷ್ಟವಿಲ್ಲ, ಯಾಕೆಂದರೆ ಅದನ್ನು ಯಾರೂ ವಾಪಸ್ ಕೊಡುವುದಿಲ್ಲ. ಚಿಲ್ಲರೆ ಮಾಡಿಸುವುದು ಅನ್ನಿ, ಮಗುವಿಗೆ ತಕ್ಷಣ ತಿಳಿಯುತ್ತೆ.

403 ಅಂಥ ಲೆಕ್ಕ ವಾರ ಕಳೆದ ಮೇಲೆ ತೆಗೆದುಕೊಳ್ಳಿ. ನಡುವೆ ಸೊನ್ನೆ ಇರುವುದು ಮೂರನೇ ತರಗತಿಯ ನಿಜವಾದ ಪರೀಕ್ಷೆ. ನೂರರ ನೋಟು ನಾಲ್ಕು, ಹತ್ತರದು ಒಂದೂ ಇಲ್ಲ, ನಾಣ್ಯ ಮೂರು. ನೂರು ಒಂದನ್ನು ಒಡೆದರೆ ಹತ್ತರ ನೋಟು ಹತ್ತು ಬರುತ್ತೆ, ಅದರಲ್ಲಿ ಒಂದನ್ನು ಮತ್ತೆ ಒಡೆದರೆ 13 ನಾಣ್ಯ, 9 ನೋಟು ಉಳಿಯುತ್ತೆ. ಪುಸ್ತಕದಲ್ಲಿ ಸೊನ್ನೆಯ ತಲೆಮೇಲೆ ದಿಢೀರನೆ ಕೂರುವ ಆ 9 ಎಲ್ಲಿಂದ ಬಂತು ಅನ್ನುವುದು ಬಹಳ ಮಕ್ಕಳಿಗೆ ಹೈಸ್ಕೂಲಿಗೆ ಹೋದರೂ ಗೊತ್ತಿರುವುದಿಲ್ಲ.

ಇನ್ನೊಂದು ಅಭ್ಯಾಸ: ಲೆಕ್ಕ ಮಾಡುವ ಮೊದಲೇ 'ಹೆಚ್ಚುಕಮ್ಮಿ ಎಷ್ಟು ಬರಬಹುದು?' ಅಂತ ಕೇಳಿ. 50ರಲ್ಲಿ ಸುಮಾರು 30 ಹೋದರೆ 20ರ ಆಸುಪಾಸು. ಆಮೇಲೆ 35 ಬಂದರೆ ಅವಳಿಗೇ ಅನುಮಾನ ಬರಲಿ. ಕೊನೆಗೆ 35 + 27 ಕೂಡಿ ನೋಡಿದರೆ 62, ಕಳ್ಳ ಸಿಕ್ಕಿಬಿದ್ದ. ಇಷ್ಟೂ ಸೇರಿ ದಿನಕ್ಕೆ ನಾಲ್ಕು ಲೆಕ್ಕ ಸಾಕು. ಅದರಲ್ಲಿ ಎರಡು ಚಿಲ್ಲರೆ ಬೇಕಾದವು, ಎರಡು ಬೇಡವಾದವು, ಕಲಸಿ ಕೊಡಿ. ಚಿಲ್ಲರೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದೇ ಕಲಿಯಬೇಕಾದ ವಿದ್ಯೆ.

ತುಮಕೂರಿನ ಅಪ್ಪ (ನಾಲ್ಕು ದಿನದ ಮೇಲೆ):
ಮೇಡಂ, ನೋಟಿನಲ್ಲಿ ಪಟಪಟ ಮಾಡ್ತಾಳೆ. ಅದೇ ಲೆಕ್ಕ ಹಾಳೆ ಮೇಲೆ ಕೊಟ್ಟರೆ ಮತ್ತೆ 35!

ಉತ್ತರ:
ಆಗುವುದೇ ಹಾಗೆ. 2025ರ ಫೆಬ್ರುವರಿಯಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಒಂದು ಅಧ್ಯಯನ ಬಂತು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳು ಎಂಟುನೂರು ಗ್ರಾಮಿಗೆ ಎಷ್ಟು, ಇನ್ನೂರರ ನೋಟಿಗೆ ಚಿಲ್ಲರೆ ಎಷ್ಟು ಅನ್ನುವಂಥದ್ದನ್ನು ಮನಸ್ಸಿನಲ್ಲೇ ಮಾಡುತ್ತಿದ್ದರು. ಶಾಲೆಯ ಹಾಳೆಯಲ್ಲಿ ಅದಕ್ಕಿಂತ ಸುಲಭದ ಲೆಕ್ಕ ಕೊಟ್ಟರೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಇದರ ತಲೆಕೆಳಗು: ಹಾಳೆಯ ಲೆಕ್ಕ ಬರುತ್ತಿತ್ತು, ವ್ಯಾಪಾರದ ಲೆಕ್ಕಕ್ಕೆ ಪರದಾಡಿದರು. ಒಂದು ಕಡೆ ಬಂದದ್ದು ಇನ್ನೊಂದು ಕಡೆಗೆ ತಾನಾಗಿ ಹರಿದು ಹೋಗುವುದಿಲ್ಲ. ನಡುವೆ ಕಾಲುವೆ ತೋಡಬೇಕು.

ನೀವು ನೋಟಿನಾಟ ಮುಗಿಸಿ ಆಮೇಲೆ ಹಾಳೆ ಕೊಟ್ಟಿದ್ದೀರಿ. ಎರಡನ್ನೂ ಒಟ್ಟಿಗೇ ಮಾಡಿಸಿ. ಒಂದು ನೋಟು ಸರಿದರೆ ಪೆನ್ಸಿಲ್‌ನಿಂದ ಒಂದು ಗುರುತು. ಹತ್ತರ ನೋಟು ಒಡೆದ ಕ್ಷಣವೇ 5ನ್ನು ಹೊಡೆದು 4 ಬರೆಯಲಿ, 2ರ ಜಾಗದಲ್ಲಿ 12. ಕೆಲವು ದಿನ ಹಾಗೆ ಮಾಡಿ, ಆಮೇಲೆ ನೋಟನ್ನು ಟವೆಲ್ ಕೆಳಗೆ ಬಚ್ಚಿಟ್ಟು 'ಈಗ ಒಳಗೆ ಏನಾಗ್ತಿದೆ ಹೇಳು' ಅನ್ನಿ. ಅದು ಬಂದರೆ ನೋಟು ಎತ್ತಿಡಬಹುದು.

ದಾವಣಗೆರೆಯ ಅಮ್ಮ, ಮಗ 4ನೇ ತರಗತಿ:
ನಮ್ಮತ್ತೆ 20ರವರೆಗೆ ಮಗ್ಗಿ ಬಾಯಿಪಾಠ ಆಗಲೇಬೇಕು ಅಂತಾರೆ. ಶಾಲೆಯಲ್ಲಿ ಬಾಯಿಪಾಠ ಹಳೇ ಪದ್ಧತಿ ಅಂತಾರೆ. ಮಗನಿಗೆ 7, 8ರ ಮಗ್ಗಿ ನಿಲ್ಲುವುದೇ ಇಲ್ಲ. ಯಾರ ಮಾತು ಕೇಳಲಿ?

ಉತ್ತರ:
ಅತ್ತೆಯವರದ್ದು ಮುಕ್ಕಾಲು ಸರಿ. ಮಗ್ಗಿ ನಾಲಿಗೆ ತುದಿಯಲ್ಲಿ ಇಲ್ಲದಿದ್ದರೆ ಭಾಗಾಕಾರದಲ್ಲಿ, ಭಿನ್ನರಾಶಿಯಲ್ಲಿ ಮಗು ಒದ್ದಾಡುತ್ತೆ. ತಲೆಯೆಲ್ಲ ಏಳೆಂಟಲ ಎಷ್ಟು ಅನ್ನುವುದರಲ್ಲೇ ಖರ್ಚಾಗಿ ಮುಂದಿನ ಹೆಜ್ಜೆ ಮರೆತುಹೋಗುತ್ತೆ. ಆದರೆ ರಾಗವಾಗಿ ಹೇಳುವ ಮಗ್ಗಿಗೆ ಒಂದು ತೊಂದರೆ ಇದೆ. 7 × 8 ಎಷ್ಟು ಅಂದರೆ ಮಗು ಏಳೊಂದ್ಲ ಏಳು ಅಂತ ಬಾಗಿಲಿನಿಂದ ಶುರು ಮಾಡಿ ಎಂಟನೇ ಮೆಟ್ಟಿಲವರೆಗೆ ಬರಬೇಕು. ನಡುವಿನಿಂದ ಹಿಡಿಯಲು ಬರಬೇಕು ಅಂದರೆ ಬೇರೆ ಕೆಲಸವೂ ಬೇಕು.

ಮೊದಲು ಭಾರ ಇಳಿಸೋಣ. 10ರವರೆಗಿನ ಮಗ್ಗಿ ಅಂದರೆ ನೂರು ಉತ್ತರ. 7 × 8 ಮತ್ತು 8 × 7 ಒಂದೇ ಅಂತ ಒಪ್ಪಿಕೊಂಡರೆ 55 ಉಳಿಯುತ್ತೆ. 1, 2, 5, 10ರ ಮಗ್ಗಿ ನಿಮ್ಮ ಮಗನಿಗೆ ಈಗಾಗಲೇ ಬರುತ್ತಿರಬೇಕು. ಅವನ್ನು ತೆಗೆದರೆ 21. 9ರದ್ದು ಹತ್ತರದ್ದರಲ್ಲಿ ಒಂದು ಸಲ ಕಳೆದರೆ ಸಿಗುತ್ತೆ: 9 × 7 ಅಂದರೆ 70ರಲ್ಲಿ 7 ಹೋಗಿ 63. ಅದನ್ನೂ ತೆಗೆದರೆ ಉಳಿಯುವುದು 15. ನೂರು ಅಂದರೆ ಬೆಚ್ಚುವ ಮಗುವಿಗೆ 'ನೀನು ಕಲಿಯಬೇಕಾದ್ದು ಹದಿನೈದೇ ಹದಿನೈದು' ಅಂತ ಹೇಳಿ, ಪಟ್ಟಿ ಮಾಡಿ ತೋರಿಸಿ. ಅದರಲ್ಲೂ 3 × 3, 3 × 4 ಥರದವು ಪುಕ್ಕಟೆ. ನಿಜವಾಗಿ ಕಾಡುವುದು 6 × 7, 6 × 8, 7 × 8, 4 × 7, 4 × 8 ಮತ್ತು ಅವುಗಳ ಅಕ್ಕಪಕ್ಕದವರು.

ಇವಕ್ಕೆ ದಾರಿ ಇದೆ. 8ರದ್ದು ಬೇಕಾದರೆ ಮೂರು ಸಲ ಇಮ್ಮಡಿ ಮಾಡು: 7, 14, 28, 56. 6ರದ್ದು ಬೇಕಾದರೆ 5ರದ್ದಕ್ಕೆ ಇನ್ನೊಂದು ಸೇರಿಸು: 35ಕ್ಕೆ 7 ಸೇರಿದರೆ 42. ಹೀಗೆ ಕೆಲವು ಸಲ ದಾರಿ ಹಿಡಿದು ಹೋದ ಮೇಲೆ ಉತ್ತರ ತಾನಾಗಿ ನೆನಪಿನಲ್ಲಿ ಕೂರುತ್ತೆ, ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು. ಬರೀ ರಾಗದ ಮೇಲೆ ನಿಂತ ಮಗುವಿಗೆ ಮರೆತರೆ ಮರೆತಂತೆಯೇ.

ಹದಿನೈದು ಚೀಟಿ ಮಾಡಿ. ದಿನಕ್ಕೆ ಹೊಸ ಚೀಟಿ ಎರಡೋ ಮೂರೋ, ಅದಕ್ಕೆ ನಿನ್ನೆಯದ್ದು, ಹೋದ ವಾರದ್ದು ಬೆರೆಸಿ. ಐದು ನಿಮಿಷ, ಅಷ್ಟೇ. ಭಾನುವಾರ ಒಂದೇ ಸಲ ಒಂದು ಗಂಟೆ ಕೂರಿಸುವುದಕ್ಕಿಂತ ದಿನದ ಐದು ನಿಮಿಷ ಹೆಚ್ಚು ನಿಲ್ಲುತ್ತೆ. ಆಗೀಗ ಉಲ್ಟಾ ಕೇಳಿ: '24 ಯಾರ್ಯಾರ ಮನೆಗೆ ಬರುತ್ತೆ?' ಮೂರೆಂಟ್ಲ, ನಾಲ್ಕಾರ್ಲ, ಎರಡು ಹನ್ನೆರಡ್ಲ. ನಾಳೆ ಭಾಗಾಕಾರಕ್ಕೆ ಇದೇ ಬೇಕು. ಸ್ಟಾಪ್‌ವಾಚ್ ಮಾತ್ರ ಹಿಡಿಯಬೇಡಿ.

ಅತ್ತೆಯವರ ಸಂಜೆ ಮಗ್ಗಿ ನಿಲ್ಲಿಸಬೇಡಿ. ಆ ಲಯ ದೊಡ್ಡ ಆಸ್ತಿ. ಅವರಿಗೆ ಕಾಲು, ಅರೆ, ಮುಕ್ಕಾಲು ಮಗ್ಗಿ ಬರುತ್ತಿದ್ದರೆ ಅದನ್ನೂ ಹೇಳಿಸಿ. ಹಿಂದಿನ ಶಾಲೆಗಳಲ್ಲಿ ಮುಕ್ಕಾಲು ಎಂಟ್ಲ ಆರು ಅಂತ ಮಕ್ಕಳು ಹೇಳುತ್ತಿದ್ದರು. ಐದನೇ ತರಗತಿಯ ಭಿನ್ನರಾಶಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ. 13ರಿಂದ 19ರವರೆಗಿನ ಮಗ್ಗಿ? ಬಂದರೆ ಲಾಭ. ಬರಲಿಲ್ಲ ಅಂತ ಊಟ ಬಿಡಿಸುವಂಥದ್ದಲ್ಲ.

ಹಾಸನದ ಅಮ್ಮ, ಮಗ 1ನೇ ತರಗತಿ:
ಬೆರಳು ಎಣಿಸ್ತಾನೆ. ಬಿಡಿಸಬೇಕಾ?

ಉತ್ತರ:
ಬಿಡಿಸಬೇಡಿ. ಆರೇಳು ವರ್ಷಕ್ಕೆ ಬೆರಳೇ ಸರಿಯಾದ ಸಾಧನ. ಬೈದರೆ ಬೆಂಚಿನ ಕೆಳಗೆ ಕದ್ದು ಎಣಿಸ್ತಾನೆ, ಇನ್ನೂ ನಿಧಾನವಾಗುತ್ತೆ. ಒಂದನ್ನು ಮಾತ್ರ ಗಮನಿಸಿ. 8 + 3ಕ್ಕೆ ಒಂದರಿಂದ ಎಂಟು ಬೆರಳು ಎಣಿಸಿ ಮತ್ತೆ ಮೂರು ಎಣಿಸ್ತಾನಾ, ಅಥವಾ ಎಂಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಅಂತಾನಾ? ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವುದು ಒಂದನೇ ತರಗತಿಯ ಕೆಲಸ. ಆಮೇಲೆ ಬೆರಳು ತಾನಾಗಿ ಮಡಿಚಿಕೊಳ್ಳುತ್ತೆ.

ಸಿಂಗಪುರದಿಂದ ಒಬ್ಬ ಅಮ್ಮ, ಮಗ ಪ್ರೈಮರಿ 2:
ಇಲ್ಲಿ 8 + 7 ಅಂದರೆ ಏಳನ್ನ ಎರಡು ಮತ್ತು ಐದು ಅಂತ ಒಡೆದು ಗುಂಡಗೆ ಸುತ್ತು ಹಾಕಿ ಏನೇನೋ ಬರೆಸ್ತಾರೆ. ಹೇಳಿಕೆ ಲೆಕ್ಕಕ್ಕೆ ಉದ್ದುದ್ದ ಪಟ್ಟಿ ಬರೆಸ್ತಾರೆ. ನಾನು ನಮ್ಮ ಊರಿನ ಹಾಗೆ ಕೆಳಗೆ ಮೇಲೆ ಬರೆದು ಮಾಡು ಅಂದರೆ ಟೀಚರ್ ಬೇಡ ಅಂದರು. ಮಗನಿಗೆ ಗೊಂದಲ.

ಉತ್ತರ:
ಟೀಚರ್ ಮಾತು ಕೇಳಿ. ಸಿಂಗಪುರದವರು 1980ರ ದಶಕದಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ: ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕೆ. 8ಕ್ಕೆ 2 ಕೊಟ್ಟು ಹತ್ತು ಮಾಡಿ ಉಳಿದ 5 ಸೇರಿಸುವುದು ನಿಮ್ಮ ಊರಿನ ಕಿರಾಣಿ ಅಂಗಡಿಯವರು ಬಾಯಲ್ಲೇ ಮಾಡುವ ಲೆಕ್ಕ. ಬರೆದಾಗ ಮಾತ್ರ ವಿಚಿತ್ರವಾಗಿ ಕಾಣುತ್ತೆ. ಮಗನಿಗೆ 'ನನಗೆ ಇದು ಬರಲ್ಲ, ಕಲಿಸು' ಅನ್ನಿ. ಮನೆಯಲ್ಲಿ ಕನ್ನಡದಲ್ಲೇ ಲೆಕ್ಕದ ಮಾತಾಡಿ, ಅದರಿಂದ ಗೊಂದಲ ಆಗಲ್ಲ. ಆ ಪಟ್ಟಿಗಳ ವಿಷಯ ಮುಂದಿನ ಪ್ರಶ್ನೆಯಲ್ಲಿ ಬರುತ್ತೆ, ಅದನ್ನೂ ಓದಿ.

ಉಡುಪಿಯ ಅಪ್ಪ, ಮಗಳು 4ನೇ ತರಗತಿ:
ಬರೀ ಅಂಕೆ ಕೊಟ್ಟರೆ ಎಲ್ಲ ಸರಿ. ಹೇಳಿಕೆ ಲೆಕ್ಕ ಬಂದರೆ ಓದುವುದೇ ಇಲ್ಲ, 'ಪಪ್ಪಾ, ಇದು ಕೂಡೋದಾ ಕಳೆಯೋದಾ?' ಅಂತ ಕೇಳ್ತಾಳೆ. ನಾನು 'ಒಟ್ಟು ಅಂತ ಇದ್ದರೆ ಕೂಡು, ಉಳಿದದ್ದು ಅಂತ ಇದ್ದರೆ ಕಳೆ' ಅಂತ ಹೇಳಿಕೊಟ್ಟಿದ್ದೇನೆ. ಆದರೂ ತಪ್ಪು.

ಉತ್ತರ:
ಆ ಉಪಾಯ ಇವತ್ತಿಗೇ ಬಿಡಿಸಿ. ಈ ಲೆಕ್ಕ ಕೊಟ್ಟು ನೋಡಿ: 'ಅಕ್ಕನ ಹತ್ತಿರ 12 ಗೋಲಿ ಇವೆ. ಅವು ತಮ್ಮನಿಗಿಂತ 5 ಹೆಚ್ಚು. ತಮ್ಮನ ಹತ್ತಿರ ಎಷ್ಟು?' ಹೆಚ್ಚು ಅನ್ನುವುದನ್ನು ಕಂಡ ಕೂಡಲೇ 17 ಅಂತಾಳೆ. ತಮ್ಮನಿಗೆ ಅಕ್ಕನಿಗಿಂತ ಜಾಸ್ತಿ ಬಂದುಬಿಟ್ಟಿತು ಅನ್ನುವುದು ಅವಳಿಗೆ ಕಾಣುವುದೇ ಇಲ್ಲ, ಯಾಕೆಂದರೆ ಕಥೆಯನ್ನು ಓದಿಯೇ ಇಲ್ಲ, ಒಂದು ಪದವನ್ನು ಹುಡುಕಿದ್ದಾಳೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಹೊತ್ತಿಗೆ ಪುಟ್ಟ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್‌ನ ವಯಸ್ಸೆಷ್ಟು? ಬಹಳಷ್ಟು ಮಕ್ಕಳು 36 ಅಂದರು. ನಿಮ್ಮ ಮಗಳಿಗೂ ಕೇಳಿ, ನಗಬೇಡಿ.

ಅಭ್ಯಾಸ ಹೀಗೆ. ಮೊದಲು ಅಂಕೆಗಳನ್ನೇ ಮುಚ್ಚಿ ಕಥೆ ಓದಿಸಿ. 'ಅಕ್ಕನ ಹತ್ತಿರ ಒಂದಷ್ಟು ಗೋಲಿ ಇವೆ, ತಮ್ಮನಿಗಿಂತ ಜಾಸ್ತಿ.' ಯಾರ ಹತ್ತಿರ ಹೆಚ್ಚು? ಗೊತ್ತಿಲ್ಲದ್ದು ಯಾರದ್ದು? ಎರಡು ಪಟ್ಟಿ ಎಳೆಯಲಿ, ಅಕ್ಕನದು ಉದ್ದ, ತಮ್ಮನದು ಗಿಡ್ಡ. ಉದ್ದದ ಮೇಲೆ 12, ಹೆಚ್ಚಾಗಿ ಚಾಚಿಕೊಂಡಿರುವ ತುಂಡಿನ ಮೇಲೆ 5. ಕೂಡೋದಾ ಕಳೆಯೋದಾ ಅನ್ನುವ ಪ್ರಶ್ನೆ ಆಮೇಲೆ ಏಳುವುದೇ ಇಲ್ಲ. ಸಿಂಗಪುರದ ಅಮ್ಮ ಹೇಳಿದ ಪಟ್ಟಿ ಇದೇ.

ವಾರಕ್ಕೊಂದು ದಿನ ಲೆಕ್ಕ ಬಿಡಿಸುವುದು ಬೇಡ, ಲೆಕ್ಕ ಕಟ್ಟಲಿ. '48 ÷ 6 = 8 ಉತ್ತರ ಬರುವಂಥ ಕಥೆ ಹೇಳು.' ಮೀನಿನ ಬುಟ್ಟಿಯೋ ತೆಂಗಿನಕಾಯಿಯೋ, ಏನಾದರೂ ಹೇಳಲಿ. ಭಾಗಾಕಾರದ ಕಥೆ ಕಟ್ಟಲು ಬರುವ ಮಗುವಿಗೆ ಭಾಗಾಕಾರ ಬರುತ್ತೆ ಅಂತ ಧೈರ್ಯವಾಗಿ ಹೇಳಬಹುದು.

ಬೆಂಗಳೂರಿನ ಅಪ್ಪ, ಮಗ 2ನೇ ತರಗತಿ:
ಅಬ್ಯಾಕಸ್ ಕ್ಲಾಸಾ, ವೇದಿಕ್ ಮ್ಯಾಥ್ಸಾ? ಫೀಸು ಎರಡಕ್ಕೂ ಕಮ್ಮಿ ಇಲ್ಲ.

ಉತ್ತರ:
ಎರಡೂ ಬೇಡ ಅಂದರೆ ಗುಂಪಿನಲ್ಲಿ ಜಗಳ ಆಗುತ್ತೆ. ಆದರೂ ಹೇಳ್ತೀನಿ, ಎರಡನೇ ತರಗತಿಗೆ ಎರಡೂ ಅಗತ್ಯವಿಲ್ಲ. ಅಬ್ಯಾಕಸ್‌ನಿಂದ ಕೂಡುವ, ಕಳೆಯುವ ವೇಗ ಬರುತ್ತೆ, ನಿಜ. ಉಡುಪಿಯವರು ಕೇಳಿದ ತೊಂದರೆ ಅದರಿಂದ ತೀರುವುದಿಲ್ಲ. ವೇದಿಕ್ ಅಂತ ಮಾರುವ ಉಪಾಯಗಳು ಬೀಜಗಣಿತ ಗೊತ್ತಿದ್ದವರಿಗೆ ಚಂದ. ಯಾಕೆ ಅಂತ ತಿಳಿಯದ ಮಗುವಿಗೆ ಅವು ಇನ್ನೊಂದು ಬಾಯಿಪಾಠ.

ಅದೇ ಪ್ರಶ್ನೆಗೆ ಮೈಸೂರಿನ ಅಮ್ಮ:
ನನ್ನ ಮಗಳಿಗೆ ಅಬ್ಯಾಕಸ್‌ನಿಂದ ಲೆಕ್ಕದ ಭಯ ಹೋಯ್ತು ಮೇಡಂ. ಅದಕ್ಕೂ ಬೆಲೆ ಇಲ್ವಾ?

ಉತ್ತರ:
ಇದೆ. ಭಯ ಹೋಗಿದ್ದರೆ ಮುಂದುವರಿಸಿ. ನನ್ನ ತಕರಾರು, ಅದನ್ನೇ ಗಣಿತ ಅಂತ ತಿಳಿದು ಶಾಲೆಯ ಪುಸ್ತಕ ಮೂಲೆಗೆ ಹಾಕುವವರ ಬಗ್ಗೆ. ಖರ್ಚಿಲ್ಲದೆ ಆಗಬೇಕು ಅನ್ನುವವರಿಗೆ ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಕನ್ನಡದಲ್ಲೇ ಪುಕ್ಕಟೆ ಸಿಗುತ್ತೆ. ಮಗು ಒಂಟಿಯಾಗಿ ಒತ್ತುತ್ತಾ ಕೂರುವುದಕ್ಕಿಂತ ನೀವು ಪಕ್ಕದಲ್ಲಿ ಕೂತು 'ಇದನ್ನೇ ಯಾಕೆ ಒತ್ತಿದೆ?' ಅಂತ ಕೇಳಿದರೆ ಆ್ಯಪ್ ಕೆಲಸಕ್ಕೆ ಬರುತ್ತೆ.

ಹೆಸರು ಬೇಡ ಅಂದವರು, ಮಗಳು 2ನೇ ತರಗತಿ:
ನನಗೇ ಲೆಕ್ಕ ಅಂದರೆ ಎದೆ ಹೊಡ್ಕೊಳ್ಳುತ್ತೆ. ಸಂಜೆ ಹೋಮ್‌ವರ್ಕ್ ಮನೆಯಲ್ಲಿ ಯುದ್ಧ. ಅವಳೂ ಅಳ್ತಾಳೆ, ನಾನೂ. 'ನನ್ನ ಹಾಗೇ ನೀನು' ಅಂತ ಬಾಯಿಗೆ ಬಂದುಬಿಡುತ್ತೆ.

ಉತ್ತರ:
ನಿಮ್ಮಂಥ ಅಪ್ಪ ಅಮ್ಮಂದಿರ ಮೇಲೆ ಅಮೆರಿಕದಲ್ಲಿ ಅಧ್ಯಯನ ಆಗಿದೆ. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತಿತರರು 2015ರಲ್ಲಿ ಪ್ರಕಟಿಸಿದರು. ಒಂದು, ಎರಡನೇ ತರಗತಿ ಮಕ್ಕಳಲ್ಲಿ, ಲೆಕ್ಕದ ಭಯವಿರುವ ಪೋಷಕರು ಹೋಮ್‌ವರ್ಕ್‌ಗೆ ಮತ್ತೆ ಮತ್ತೆ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಡಿಮೆ ಕಲಿತರು, ಅವರಿಗೂ ಭಯ ಹೆಚ್ಚಿತು. ಅಷ್ಟಾಗಿ ಸಹಾಯಕ್ಕೆ ಕೂರದ ಮನೆಗಳಲ್ಲಿ ಹೀಗಾಗಲಿಲ್ಲ. ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಕಲಿಸುವ ಕೆಲಸದಿಂದ ನಿಮಗೆ ರಜೆ ಕೊಡಲು.

ಹೋಮ್‌ವರ್ಕ್‌ಗೆ ಹತ್ತು ನಿಮಿಷ. ಆಗದಿದ್ದದ್ದನ್ನು ಅಲ್ಲಿಗೇ ಬಿಟ್ಟು, ಟೀಚರ್‌ಗೆ ಒಂದು ಸಾಲು ಬರೆದು ಕಳಿಸಿ: 'ಈ ಲೆಕ್ಕ ಅರ್ಥವಾಗಿಲ್ಲ.' ಒಳ್ಳೆಯ ಟೀಚರ್‌ಗೆ ಅದು ಸಂಪೂರ್ಣ ತಿದ್ದಿದ ಪುಸ್ತಕಕ್ಕಿಂತ ಉಪಯೋಗ. ಉಳಿದ ಹೊತ್ತು ಆಡಿ. ಹಾವು ಏಣಿ ಆಡುವಾಗ ಒಂದು ಬದಲಾವಣೆ ಮಾಡಿ. ಕಾಯಿ 23ರಲ್ಲಿದೆ, ನಾಲ್ಕು ಬಿತ್ತು. ಮಕ್ಕಳು ಒಂದು, ಎರಡು, ಮೂರು, ನಾಲ್ಕು ಅಂತ ನಡೆಸುತ್ತಾರೆ. ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು ಅಂತ ಮನೆಯ ಅಂಕೆ ಹೇಳಿ ನಡೆಸಲಿ. ಗೀತಾ ರಮಣಿ, ರಾಬರ್ಟ್ ಸೀಗ್ಲರ್ ಅವರ ಪ್ರಯೋಗಗಳಲ್ಲಿ ಹೀಗೆ ಮನೆಯ ಅಂಕೆ ಹೇಳಿ ಆಡಿದ ಪುಟ್ಟ ಮಕ್ಕಳಿಗೆ ಸಂಖ್ಯೆಗಳ ಅಂದಾಜು ಚೆನ್ನಾಗಿ ಬಂತು. ಚೌಕಾಬಾರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಎರಡು ಕವಡೆ ಮೇಲೆ, ಎರಡು ಕೆಳಗೆ ಬಿದ್ದರೆ ಎರಡು. ಚೌಕ ಬಿದ್ದರೆ ನಾಲ್ಕು, ಬಾರ ಬಿದ್ದರೆ ಎಂಟು. ಯಾವ ಕಾಯಿ ನಡೆಸಿದರೆ ಹೊಡೆಯಬಹುದು ಅಂತ ಮಗು ಮನಸ್ಸಿನಲ್ಲೇ ಕೂಡಿ ಕಳೆದು ನೋಡುತ್ತೆ. ನೀವು ಸೋಲುವುದನ್ನೂ ಕಲಿಯಿರಿ.

ಬಾಯಿಗೆ ಬರುವ ಆ ಮಾತನ್ನು ಮಾತ್ರ ನುಂಗಿಬಿಡಿ. ಹೆಣ್ಣುಮಕ್ಕಳು ಅದನ್ನು ಬೇಗ ನಂಬುತ್ತಾರೆ.

ಸೇಡಂ ತಾಲ್ಲೂಕಿನ ನಲಿ-ಕಲಿ ಶಿಕ್ಷಕಿ:
ಒಂದು, ಎರಡು, ಮೂರು ಒಂದೇ ಕೋಣೆಯಲ್ಲಿ ನನ್ನ ಹತ್ತಿರ. ನಾಲ್ಕು, ಐದಕ್ಕೂ ನಾನೇ ಹೋಗಬೇಕು. ಇಲ್ಲಿ ಬರೆದವರೆಲ್ಲ ಓದಿದ ಪೋಷಕರು. ನಮ್ಮಲ್ಲಿ ತೊಗರಿ ಸುಗ್ಗಿ ಬಂದರೆ ಮನೆಯಲ್ಲಿ ಕೇಳುವವರೂ ಇರಲ್ಲ, ಓದಲು ಬರೆಯಲು ಬರುವವರೂ ಕಡಿಮೆ. ಅಭ್ಯಾಸ ಎಲ್ಲಿಂದ ಮಾಡಿಸಲಿ?

ಉತ್ತರ:
ನಿಮ್ಮ ಪ್ರಶ್ನೆಗೇ ಕಾಯುತ್ತಿದ್ದೆ. ಬರೆಯಲು ಬಾರದ ಮನೆಯಲ್ಲೂ ಲೆಕ್ಕ ಇದೆ, ಕೂಲಿಯ ಲೆಕ್ಕ, ಚೀಲದ ಲೆಕ್ಕ, ಸಂತೆಯ ಲೆಕ್ಕ. ಹೋಮ್‌ವರ್ಕನ್ನು 'ಬರೆದುಕೊಂಡು ಬಾ' ಅನ್ನುವ ಬದಲು 'ಕೇಳಿಕೊಂಡು ಬಾ' ಅಂತ ಕೊಡಿ. ತೊಗರಿ ಚೀಲ ಒಂದಕ್ಕೆ ಎಷ್ಟು ಕೆಜಿ? ಮನೆಯಲ್ಲಿ ಎಷ್ಟು ಚೀಲ ಆಯ್ತು? ಮರುದಿನ ನಾಲ್ಕು, ಐದನೆಯವರು ಅದನ್ನೇ ಲೆಕ್ಕ ಮಾಡಿ ಹಲಗೆಯ ಮೇಲೆ ಬರೆಯಲಿ, ಚಿಕ್ಕವರು ಯಾರದು ಹೆಚ್ಚು ಅಂತ ಸಾಲಾಗಿ ಜೋಡಿಸಲಿ. ಮಕ್ಕಳ ಸಂತೆ ವರ್ಷಕ್ಕೊಂದು ಸಲ ಮಾಡಿ ಫೋಟೋ ತೆಗೆಸಿ ಮುಗಿಸುತ್ತೇವಲ್ಲ, ಅದನ್ನು ತಿಂಗಳಿಗೊಂದು ಸಲ, ಕೋಣೆಯ ಮೂಲೆಯಲ್ಲಿ, ಹುಣಸೆ ಬೀಜ ಮತ್ತು ಕಾಗದದ ನೋಟಿನಲ್ಲಿ ಮಾಡಿ. ವ್ಯಾಪಾರ ಮಾಡಿದವರು ಚೀಟಿಯಲ್ಲಿ ಬರೆಯಲೇಬೇಕು ಅನ್ನುವ ನಿಯಮ ಇಡಿ. ತುಮಕೂರಿನವರಿಗೆ ಹೇಳಿದ ಕಾಲುವೆ ಅದೇ.

ಗಣಿತ ಕಲಿಕಾ ಆಂದೋಲನದಲ್ಲಿ ಶಾಲೆಗೆ ಬಂದ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿ ಕೂತಿದ್ದರೆ ಹೊರಗೆ ತೆಗೆಯಿರಿ. ಮಣಿ ಕಳೆದರೆ ಕಳೆಯಲಿ, ಲೆಕ್ಕ ಪರಿಶೋಧನೆಗೆ ನಾನು ಬಂದು ಹೇಳ್ತೀನಿ!

ನಾಲ್ಕು, ಐದನೆಯವರನ್ನು ನೀವಿಲ್ಲದಾಗಲೂ ಹಿಡಿದು ಕೂರಿಸುವ, ತಿದ್ದಲು ನೀವೇ ಬೇಕಾಗದ ಒಂದು ಅಭ್ಯಾಸ ಕೊಡ್ತೀನಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಕಂಡುಕೊಂಡದ್ದು. ನಾಲ್ಕು ಅಂಕೆಯ ಯಾವುದಾದರೂ ಸಂಖ್ಯೆ ತಗೊಳ್ಳಲಿ, ಎಲ್ಲ ಅಂಕೆ ಒಂದೇ ಇರಬಾರದು ಅಷ್ಟೇ. 3524 ಅನ್ನೋಣ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432, ಚಿಕ್ಕದರಿಂದ ದೊಡ್ಡದಕ್ಕೆ 2345. ಕಳೆದರೆ 3087. ಮತ್ತೆ ಹಾಗೇ: 8730ರಲ್ಲಿ 0378 ಹೋದರೆ 8352. ಮತ್ತೆ: 8532ರಲ್ಲಿ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೆ. ಬರಲಿಲ್ಲ ಅಂದರೆ ಎಲ್ಲೋ ಕಳೆಯುವುದು ತಪ್ಪಿದೆ, ಮಗುವೇ ವಾಪಸ್ ಹೋಗಿ ಹುಡುಕುತ್ತೆ. ದಶಕ ತೆಗೆದುಕೊಳ್ಳುವ ಲೆಕ್ಕ ಏಳೆಂಟು ಆದದ್ದು ಅವರಿಗೆ ಗೊತ್ತೇ ಆಗಲ್ಲ. ಮೂರನೆಯವರಿಗೆ ಮೂರು ಅಂಕೆಯಲ್ಲಿ ಮಾಡಿಸಿ, ಅಲ್ಲಿ 495ಕ್ಕೆ ನಿಲ್ಲುತ್ತೆ. ನಡುವೆ 99 ಬಂದರೆ 099 ಅಂತಲೇ ಬರೆಯಬೇಕು, ಇದನ್ನು ಮೊದಲೇ ಹೇಳಿಬಿಡಿ.

ಗುಣಾಕಾರಕ್ಕೂ ಒಂದಿದೆ, ಅದು ನಿಮ್ಮ ತಾಲ್ಲೂಕಿನ ಆಸ್ತಿ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಹೂಮಾಲೆಯ ಹಾಗೆ ಉತ್ತರ ಬರುವ ಗುಣಾಕಾರಗಳಿವೆ. 139ನ್ನು 109ರಿಂದ ಗುಣಿಸಿದರೆ 15151, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ 11111111. ಐದನೆಯವರಿಗೆ ಉತ್ತರ ಹೇಳದೆ ಕೊಡಿ. ಎಲ್ಲ ಒಂದೇ ಬಂದಾಗ ಕೋಣೆಯಲ್ಲಿ ಏಳುವ ಗದ್ದಲಕ್ಕೆ ಪಕ್ಕದ ತರಗತಿಯವರು ಬೈದರೆ ಸಹಿಸಿಕೊಳ್ಳಿ.

ಶಿವಮೊಗ್ಗದ ಅಮ್ಮ, ಮಗಳು 4ನೇ ತರಗತಿ, 9 ವರ್ಷ:
ಎಲ್ಲ ಮಾಡಿ ನೋಡಿದೆ. ಓದುವುದು ಚೆನ್ನಾಗಿದೆ. ಆದರೆ 7 ದೊಡ್ಡದಾ 9 ದೊಡ್ಡದಾ ಅಂದರೂ ಯೋಚನೆ ಮಾಡ್ತಾಳೆ. ಗಡಿಯಾರ ನೋಡಲು ಬರಲ್ಲ. ಇವತ್ತು ಬಂದದ್ದು ನಾಳೆ ಇಲ್ಲ. ಸೋಮಾರಿ ಅಂತಾರೆ ಎಲ್ಲರೂ.

ಉತ್ತರ:
ಸೋಮಾರಿ ಅನ್ನುವವರನ್ನು ಸುಮ್ಮನಿರಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಹಲಗೆ ಕಾಣದ ಮಕ್ಕಳನ್ನು ದಡ್ಡರು ಅಂದದ್ದನ್ನು ಬಹಳ ನೋಡಿದ್ದೇನೆ. ಅದು ಸರಿ ಇದ್ದರೆ, ಓದು ಚೆನ್ನಾಗಿದ್ದೂ ಸಂಖ್ಯೆಯ ಗಾತ್ರವೇ ಹಿಡಿತಕ್ಕೆ ಸಿಗದಿರುವುದು ಡಿಸ್ಕ್ಯಾಲ್ಕುಲಿಯ, ಅಂದರೆ ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆ, ಇರಬಹುದು. ಇರಬಹುದು ಅಂದೆ, ಗುಂಪಿನಲ್ಲಿ ಕೂತು ಯಾರೂ ಇದನ್ನು ತೀರ್ಮಾನ ಮಾಡಬಾರದು, ನಾನೂ ಸೇರಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಪರೀಕ್ಷೆ ಮಾಡುತ್ತಾರೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ವಿಚಾರಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಹಾಗಾಗಿ ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಗಳಲ್ಲಿ ವಿನಾಯಿತಿ ಕೇಳಬಹುದು. ಅಲ್ಲಿಯವರೆಗೆ ಮಗ್ಗಿ ಬಿಟ್ಟುಬಿಡಿ. ಹತ್ತರೊಳಗಿನ ಸಂಖ್ಯೆಗಳನ್ನು ಕಾಳು, ಮಣಿ, ಇಸ್ಪೀಟ್ ಎಲೆಯಲ್ಲಿ, ಅವಸರ ಇಲ್ಲದೆ.

ಧಾರವಾಡದ ಅಪ್ಪ, ಮಗ 5ನೇ ತರಗತಿ:
1/4 ದೊಡ್ಡದೋ 1/3 ದೊಡ್ಡದೋ ಅಂದ್ರ 1/4 ಅಂತಾನ್ರೀ. ನಾಲ್ಕು ಮೂರಕ್ಕಿಂತ ದೊಡ್ಡದಲ್ಲ, ಅಂತ ವಾದ ಬ್ಯಾರೆ.

ಉತ್ತರ:
ವಾದಕ್ಕೆ ವಾದ ಬೇಡ, ರೊಟ್ಟಿ ಇದೆಯಲ್ಲ. ಒಂದನ್ನು ಮೂರು ಜನಕ್ಕೆ, ಅದೇ ಗಾತ್ರದ ಇನ್ನೊಂದನ್ನು ನಾಲ್ಕು ಜನಕ್ಕೆ ಅವನೇ ಮುರಿಯಲಿ, ತನಗೆ ಯಾವ ತುಂಡು ಬೇಕು ಅಂತ ಅವನೇ ಆರಿಸಲಿ. ಆಮೇಲೆ ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಮಡಿಸಿ ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಂಟನೇ ಒಂದು ಮಾಡಿ, ಒಂದರ ಕೆಳಗೊಂದು ಗೋಡೆಗೆ ಅಂಟಿಸಿ. ಮೂರು ಸಮಭಾಗ ಮಡಿಸುವುದು ಕಷ್ಟ, ಸ್ಕೇಲ್ ಹಿಡಿದು 12 ಸೆಂ.ಮೀ. ಪಟ್ಟಿ ತಗೊಂಡರೆ ಎಲ್ಲವೂ ಸುಲಭ: 6, 4, 3, 2, ಒಂದೂವರೆ. ವಾರ ಕಳೆದ ಮೇಲೆ ಕೇಳಿ, 2/3 ದೊಡ್ಡದೋ 3/4 ದೊಡ್ಡದೋ. ಈ ಸಲ ಗೋಡೆ ನೋಡಿಯೇ ವಾದ ಮಾಡಲಿ.